ಕಂಠವೇ ವಾದ್ಯವಾದಾಗ: ಸಭೆಯ ಗಾಯನ, ಬಾಯಿತಾಳ ಮತ್ತು ಮುರಗೋಡ ಸೀಮೆ

ಕ್ರೈಸ್ತ ಸಭೆಯ ಗಾಯನದ ಚರಿತ್ರೆಯನ್ನು ಬರೆದವರು ಏನನ್ನು ಹಾಡಿದರು, ಯಾವ ವಾದ್ಯದೊಡನೆ ಹಾಡಿದರು ಎಂಬ ಎರಡು ಪ್ರಶ್ನೆಗಳಿಗೆ ಸಾಕಷ್ಟು ಉತ್ತರ ಕೊಟ್ಟಿದ್ದಾರೆ. ಅವರು ಅಷ್ಟಾಗಿ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ವಾದ್ಯವನ್ನು ಆಲಯದ ಹೊರಗೆ ನಿಲ್ಲಿಸಿದಾಗ ತಾಳವು ಎಲ್ಲಿಗೆ ಹೋಯಿತು? ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಕ್ರಿಸ್ಮಸ್ ಗಾಯನದ ಕಾಲದಲ್ಲಿ ನಮ್ಮ ನಗರಸಭೆಗಳ ಯುವಜನರು ಯಾವ ವಾದ್ಯವೂ ಇಲ್ಲದೆ ನಾಲ್ಕು ಧ್ವನಿಗಳಲ್ಲಿ ಹಾಡುತ್ತಾರೆ. ಅವರಲ್ಲೊಬ್ಬನು ತುಟಿ, ನಾಲಿಗೆ, ಗಂಟಲುಗಳಿಂದಲೇ ಡ್ರಮ್ಮಿನ ಪೆಟ್ಟುಗಳನ್ನು ಹುಟ್ಟಿಸುತ್ತಾನೆ. ಹಿರಿಯರಲ್ಲಿ ಕೆಲವರಿಗೆ ಅದು ಸೊಗಸು, ಕೆಲವರಿಗೆ ಗದ್ದಲ. ನಡುವೆ ನಿಂತು ತೀರ್ಪು ಹೇಳಬೇಕಾದವರು ಸಭಾಪಾಲಕರು. ಆ ತೀರ್ಪಿಗೆ ಮುಂಚೆ ತಿಳಿದಿರಬೇಕಾದ ಚರಿತ್ರೆ ರೋಮಿನಲ್ಲಿ ಸ್ವಲ್ಪ ಇದೆ, ಬಾಸೆಲಿನಲ್ಲಿ ಸ್ವಲ್ಪ ಇದೆ. ಬಹುಪಾಲು ಇರುವುದು ಮುರಗೋಡದಂಥ ಊರಿನ ಕಣದಲ್ಲಿ.

ವಾದ್ಯವಿಲ್ಲದ ಗಾಯನಕ್ಕೆ ಪಶ್ಚಿಮದವರು ಇಟ್ಟ ಹೆಸರು ‘ಆ ಕಾಪೆಲ್ಲ’, ಅಂದರೆ ಪ್ರಾರ್ಥನಾಮಂದಿರದ ರೀತಿ. ರೋಮಿನ ಸಿಸ್ಟೀನ್ ಮಂದಿರದಲ್ಲಿ ಪೋಪರ ಗಾಯಕವೃಂದವು ಆರ್ಗನ್ನಿನ ನೆರವಿಲ್ಲದೆ ಹಾಡುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಇತರ ಅನೇಕ ದೇವಾಲಯಗಳಲ್ಲಿ ಆರ್ಗನ್ನೂ ಕೊಂಬುಗಳೂ ಧ್ವನಿಗಳೊಡನೆ ಕೂಡಿ ನುಡಿಯುತ್ತಿದ್ದವು. ಅಂದಿನ ಗಾಯನವೆಲ್ಲ ಬರಿಯ ಕಂಠದ್ದೇ ಎಂಬ ಭಾವನೆ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದವರು ಕಟ್ಟಿದ್ದು. ಆದರೆ ಕಂಠವೊಂದೇ ಶುದ್ಧವೆಂಬ ವಿಚಾರಕ್ಕೆ ಅದಕ್ಕಿಂತ ಬಹಳ ಹಳೆಯ ಬೇರಿದೆ. ಅಲೆಕ್ಸಾಂದ್ರಿಯದ ಕ್ಲೆಮೆಂಟನು ಸುಮಾರು ಕ್ರಿ.ಶ. 200ರಲ್ಲಿ ಔತಣಕೂಟದ ಕೊಳಲುಗಳನ್ನೂ ರಣರಂಗದ ಕಹಳೆ ಡೋಲುಗಳನ್ನೂ ವಿಶ್ವಾಸಿಗಳಿಂದ ದೂರವಿಡಬಯಸಿದನು. ಕೀರ್ತನೆಗಾರನು ಹೇಳಿದ ವಾದ್ಯಗಳನ್ನೆಲ್ಲ ಅವನು ಮನುಷ್ಯದೇಹದೊಳಕ್ಕೆ ತಂದನು: ನಾಲಿಗೆಯೇ ಕರ್ತನ ತಂತಿವಾದ್ಯ, ಬಾಯಿಯೇ ಕಿನ್ನರಿ, ಅದನ್ನು ಮೀಟುವವನು ಆತ್ಮನು. ಹೀಗೆ ಹೇಳಿದವನೇ, ಮನೆಯಲ್ಲಿ ಕಿನ್ನರಿಯೊಡನೆ ಹಾಡುವವನನ್ನು ದೂಷಿಸುವುದಿಲ್ಲವೆಂದೂ ಸೇರಿಸುತ್ತಾನೆ. ಅವನ ವಿರೋಧವು ಮರಕ್ಕೂ ಚರ್ಮಕ್ಕೂ ಅಲ್ಲ, ಅವು ನುಡಿಯುತ್ತಿದ್ದ ಸಂದರ್ಭಕ್ಕೆ ಎಂಬುದನ್ನು ಮರೆಯಬಾರದು.

ಕ್ಲೆಮೆಂಟನ ಈ ಮಾತನ್ನು ಓದುವ ಕನ್ನಡಿಗನಿಗೆ ಬಸವಣ್ಣನವರ ವಚನವೊಂದು ನೆನಪಾಗದೆ ಇರದು. ತನ್ನ ದೇಹವನ್ನೇ ದಂಡಿಗೆಯಾಗಿಸಿ, ತಲೆಯನ್ನು ಸೋರೆಯಾಗಿಸಿ, ನರಗಳನ್ನು ತಂತಿಯಾಗಿಸಿ ನುಡಿಸೆಂದು ಅವರು ಕೂಡಲಸಂಗಮದೇವನನ್ನು ಬೇಡಿದರು. ತಾಳಮಾನಗಳ ಶಾಸ್ತ್ರ ತಾನರಿಯೆ, ಒಲಿದಂತೆ ಹಾಡುವೆನೆಂದು ಇನ್ನೊಂದು ವಚನದಲ್ಲಿ ಹೇಳಿದವರೂ ಅವರೇ. ಸಾವಿರ ವರ್ಷಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ಉಪಮೆಗೆ ಕೈಚಾಚಿದ್ದಾರೆ. ಆದರೆ ಒಂದು ವ್ಯತ್ಯಾಸವೂ ಉಂಟು. ಕ್ಲೆಮೆಂಟನು ದೇಹವನ್ನು ವಾದ್ಯವಾಗಿಸಿದ್ದು ವಾದ್ಯವನ್ನು ಬಿಡುವುದಕ್ಕೆ. ವಚನಕಾರನ ನಾಡಿನಲ್ಲಿ ದಂಡಿಗೆಯೂ ಉಳಿಯಿತು, ದೇಹವೂ ವಾದ್ಯವಾಯಿತು.

ಮುರಗೋಡವು ಸವದತ್ತಿ ಸೀಮೆಯ ಊರು. ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ದಾರಿಯಲ್ಲಿದೆ. ಸುತ್ತಲೂ ಜೋಳ ಹತ್ತಿಗಳ ಎರೆಭೂಮಿ. ದಕ್ಷಿಣಕ್ಕೆ ಧಾರವಾಡ, ಪಶ್ಚಿಮಕ್ಕೆ ಬೆಳಗಾವಿ, ಪೂರ್ವಕ್ಕೆ ಎಲ್ಲಮ್ಮನ ಗುಡ್ಡ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದರು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿತು. ಬೆಳಗಾವಿಯ ಕ್ಷೇತ್ರವು 1904ರಲ್ಲಿ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಹೋಯಿತು. ಹೀಗೆ ಈ ಸೀಮೆಯು ಗಾಯನದ ಮೂರು ಸಂಪ್ರದಾಯಗಳ ನಡುವೆ ಬಿದ್ದಿತು: ಕಾಂಗ್ರಿಗೇಶನಲ್ ಸಭೆಯ ಕೀರ್ತನೆ, ಜರ್ಮನ್ ಕೊರಾಲ್, ವೆಸ್ಲಿಯವರ ಹಾಡು. ಈ ಮೂವರಿಗೂ ಬಹಳ ಮುಂಚೆ ಇಲ್ಲಿ ಇನ್ನೊಂದು ಗಾಯನವಿತ್ತು.

ಸುಗ್ಗಿಯಲ್ಲಿ ಜೋಳದ ತೆನೆಗಳನ್ನು ಕಣದಲ್ಲಿ ಹರವಿ, ನಡುವಣ ಮೇಟಿಗೆ ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತಿಸುತ್ತಿದ್ದರು. ಆ ಸಾಲಿಗೆ ಹಂತಿಯೆಂದು ಹೆಸರು. ಹಿಂದೆ ನಡೆಯುತ್ತ ಹಾಡಿದ್ದು ಹಂತಿಯ ಪದ. ಕೆಲಸವು ರಾತ್ರಿಯ ತಂಪಿನಲ್ಲಿ ಗಂಟೆಗಟ್ಟಲೆ ಸಾಗುವಂಥದು. ನಿದ್ದೆ ಬರಬಾರದು, ಎತ್ತು ನಿಲ್ಲಬಾರದು. ಒಬ್ಬನು ಮುಂದೆ ಹೇಳುವನು, ಉಳಿದವರು ಎತ್ತಿಕೊಳ್ಳುವರು. ಕೈಯಲ್ಲಿ ಬಾರುಕೋಲು ಇರುವುದರಿಂದ ವಾದ್ಯಕ್ಕೆ ಕೈಯೇ ಇಲ್ಲ. ತಾಳವನ್ನು ಕೊಡುವುದು ಗೊರಸು ಮತ್ತು ಹೆಜ್ಜೆ. ನಡುವಣ ತೆರಪನ್ನು ತುಂಬುವುದು ಅರ್ಥವಿಲ್ಲದ ಕೂಗು, ಎಳೆತ, ಎತ್ತಿಗೆ ಹಾಕುವ ಸದ್ದು. ಮನೆಯೊಳಗೆ ಇದೇ ಕೆಲಸವನ್ನು ಹೆಂಗಸರು ಬೀಸುವ ಕಲ್ಲಿನ ಮುಂದೆ ಮಾಡಿದರು. ಕಲ್ಲಿನ ಗುರುಗುಟ್ಟುವಿಕೆಯೇ ಶ್ರುತಿ, ಅದರ ಸುತ್ತೇ ತಾಳ, ಹಾಡು ತ್ರಿಪದಿ. ಎರಡನೆಯ ಸಾಲಿನ ಭಾಗವನ್ನು ಮರಳಿ ಹೇಳಿ ಮೂರು ಸಾಲನ್ನು ನಾಲ್ಕರಂತೆ ಹಾಡುವುದು ಕಲ್ಲಿನ ಸುತ್ತಿಗೆ ಚೆನ್ನಾಗಿ ಹೊಂದುತ್ತದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದ ಸಂಗ್ರಹದಲ್ಲಿ ನಮಗೆ ಸಿಕ್ಕಿದ್ದು ಇಂಥ ಹಾಡುಗಳ ಮಾತು ಮಾತ್ರ. ಕಲ್ಲಿನ ಸದ್ದು ಅಚ್ಚಿಗೆ ಬರುವಂಥದಲ್ಲ.

ಇದೇ ಸೀಮೆಯ ಗೀಗೀ ಪದಕ್ಕೆ ಅದರ ಹೆಸರು ಬಂದದ್ದೇ ಹಿಮ್ಮೇಳದವರು ಎಳೆಯುವ ಅರ್ಥವಿಲ್ಲದ ಉಲಿಯಿಂದ. ಅಲ್ಲಿ ಡಪ್ಪು, ತುಂತುಣಿಗಳಿವೆ, ನಿಜ. ಆದರೂ ಹರದೇಶಿ–ನಾಗೇಶಿಗಳ ವಾಗ್ವಾದದಲ್ಲಿ ಮುಖ್ಯ ಹಾಡುಗಾರನಿಗೆ ಉಸಿರು ಕೊಡುವುದೂ ಮುಂದಿನ ನುಡಿಯನ್ನು ಯೋಚಿಸಲು ಹೊತ್ತು ಕೊಡುವುದೂ ಆ ಉಲಿಯೇ.

ಇಲ್ಲಿ ಹಿಪ್ಪೋವಿನ ಆಗಸ್ಟೀನನನ್ನು ಕರೆಯುವುದು ಅನಿವಾರ್ಯ. ನಮ್ಮ ಎಣಿಕೆಯ 33ನೆಯ ಕೀರ್ತನೆಯನ್ನು ವ್ಯಾಖ್ಯಾನಿಸುವಾಗ ಅವನು ಉತ್ಸಾಹಧ್ವನಿಯೆಂದರೇನೆಂದು ವಿವರಿಸುತ್ತಾನೆ. ಸುಗ್ಗಿಯ ಹೊಲದಲ್ಲೋ ದ್ರಾಕ್ಷೆಯ ತೋಟದಲ್ಲೋ ಶ್ರಮಿಸುವವರು ಮೊದಲು ಮಾತುಗಳಿಂದ ಹಾಡಲಾರಂಭಿಸುತ್ತಾರೆ. ಸಂತೋಷವು ಮಾತಿಗೆ ಮೀರಿದಾಗ ಪದಗಳ ಅಕ್ಷರಗಳನ್ನೇ ಬಿಟ್ಟು ಬರಿಯ ಧ್ವನಿಗೆ ಹೋಗುತ್ತಾರೆ. ಹೇಳಲಾಗದ ದೇವರಿಗೆ ಇಂಥ ಧ್ವನಿಗಿಂತ ತಕ್ಕದ್ದು ಯಾವುದು ಎಂಬುದು ಅವನ ಪ್ರಶ್ನೆ. ಹಾಡಿನ ಸುಖವು ಹಾಡಿನ ಅರ್ಥವನ್ನು ಮೀರಿದಾಗ ತಾನು ಪಾಪ ಮಾಡಿದೆನೆಂದು ‘ಅರಿಕೆಗಳ’ ಹತ್ತನೆಯ ಪುಸ್ತಕದಲ್ಲಿ ಕಳವಳಪಟ್ಟವನೂ ಇವನೇ. ಈ ಎರಡು ಮಾತುಗಳನ್ನು ಸಮಾಧಾನಪಡಿಸುವ ಯತ್ನ ನನಗೆ ಬೇಕಾಗಿಲ್ಲ. ಉತ್ತರ ಆಫ್ರಿಕದ ಸುಗ್ಗಿಯ ಹೊಲದಲ್ಲಿ ನಿಂತು ಕಿವಿಗೊಟ್ಟ ಬಿಷಪನೊಬ್ಬನು ದೈವಜ್ಞಾನದ ಮಾತನ್ನು ಅಲ್ಲಿಂದ ಹೆಕ್ಕಿಕೊಂಡನು. ನಮ್ಮ ಸೀಮೆಯ ಕಣಕ್ಕೆ ಹಾಗೆ ಕಿವಿಗೊಟ್ಟವರು ಯಾರು ಎಂಬುದು ನಮ್ಮ ಪ್ರಶ್ನೆ.

ಕಿವಿಗೊಡಬಲ್ಲವರು ಇದ್ದರು. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದು ಮೊದಲ ವರ್ಷಗಳನ್ನು ಧಾರವಾಡ ಸೀಮೆಯಲ್ಲಿ ಕಳೆದರು. 1862ರಲ್ಲಿ ಕ್ರಿಸ್ತನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’ಯನ್ನು ಹೊರತಂದರು, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು. ಅಕ್ಷರಕ್ಕೂ ಮಾತ್ರೆಗೂ ಪೂರ್ಣವಾಗಿ ಅಧೀನವಾಗದೆ ಹಾಡುವಾಗ ಹಿಗ್ಗಿ ಕುಗ್ಗುವ ಅಂಶಗಣಗಳು, ಅಂದರೆ ಬೀಸುವ ಕಲ್ಲಿನ ಮುಂದಣ ತ್ರಿಪದಿಯ ಗಣಗಳು, ಆ ಗ್ರಂಥದಲ್ಲಿ ವಿವೇಚಿತವಾಗಿವೆ. ಈ ನಾಡಿನ ಲಯದ ಶಾಸ್ತ್ರವನ್ನು ಅಚ್ಚಿಗೆ ತಂದವರು ಮಿಷನೆರಿಯೇ. ಆದರೆ ಅದೇ ಮಿಷನ್ನಿನ ಆಲಯಗಳಲ್ಲಿ ಭಾನುವಾರ ಕೇಳಿಬಂದದ್ದು ಬಹುತೇಕ ಜರ್ಮನ್ ಕೊರಾಲಿನ ರಾಗಗಳು, ಅವುಗಳ ಅಳತೆಗೆ ಕತ್ತರಿಸಿದ ಕನ್ನಡ. ಹ್ರಸ್ವ ಬರಬೇಕಾದಲ್ಲಿ ದೀರ್ಘ ಸ್ವರ, ದೀರ್ಘವಿರುವಲ್ಲಿ ಚಿಕ್ಕ ಸ್ವರ. ಹಳೆಯ ಗೀತಪುಸ್ತಕವನ್ನು ಗಟ್ಟಿಯಾಗಿ ಹಾಡಿದವರಿಗೆಲ್ಲ ಈ ತೊಡಕು ಗೊತ್ತು. ಮಿಷನೆರಿಗಳು ನಾಡಿನ ತಾಳವನ್ನು ಅರಿಯದವರು ಎಂಬ ಸುಲಭದ ಆಪಾದನೆ ಇಲ್ಲಿ ನಿಲ್ಲುವುದಿಲ್ಲ. ಅರಿತಿದ್ದರು, ಅರಿತದ್ದು ಗ್ರಂಥಾಲಯದಲ್ಲಿ ಉಳಿಯಿತು.

ಅವರು ಬಂದ ಪರಂಪರೆಯಲ್ಲೂ ಕಂಠದ ಕುರಿತು ದೊಡ್ಡ ಜಗಳ ನಡೆದಿತ್ತು. ಜ್ಯೂರಿಕ್ಕಿನ ಸುಧಾರಕ ಜ್ವಿಂಗ್ಲಿ ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವನು. ಆದರೂ ಅವನ ಊರಿನ ಆರ್ಗನ್ನುಗಳು 1527ರಲ್ಲಿ ಕಳಚಲ್ಪಟ್ಟವು, ಸಭೆಯ ಗಾಯನವೂ ನಿಂತು 1598ರವರೆಗೆ ಮರಳಲಿಲ್ಲ. ಬಾಸೆಲಿನಲ್ಲಿ ಮಾತ್ರ 1526ರಲ್ಲೇ ಜನರು ಜರ್ಮನ್ ಭಾಷೆಯಲ್ಲಿ ಕೀರ್ತನೆಗಳನ್ನು ಹಾಡತೊಡಗಿದರು. ಜಿನೀವದಲ್ಲಿ ಕ್ಯಾಲ್ವಿನನು ವಾದ್ಯವಿಲ್ಲದ ಏಕಧ್ವನಿಯ ಕೀರ್ತನೆಯನ್ನು ನೆಲೆಗೊಳಿಸಿದನು. ಇದೇ ಕಾಲದಲ್ಲಿ ಫ್ರಾನ್ಸಿನ ಕ್ಯಾಥೊಲಿಕ್ ಯಾಜಕನೊಬ್ಬನು ಬೇರೊಂದು ಕೆಲಸ ಮಾಡುತ್ತಿದ್ದನು. ಕ್ಲೆಮಾ ಜಾನೆಕೆನ್ 1528ರಲ್ಲಿ ಅಚ್ಚಾದ ತನ್ನ ಯುದ್ಧಗೀತೆಯಲ್ಲಿ ರಣಭೇರಿ, ಕಹಳೆ, ಫಿರಂಗಿಗಳ ಸದ್ದನ್ನೆಲ್ಲ ನಾಲ್ಕು ಕಂಠಗಳ ಅರ್ಥವಿಲ್ಲದ ಅಕ್ಷರಗಳಿಂದಲೇ ಕೇಳಿಸಿದನು. ಆ ಗೀತೆಯ ಸ್ವರಗಳ ಮೇಲೆ ಒಂದು ಪೂಜಾಗೀತೆಯನ್ನೂ ಕಟ್ಟಿದನು. ಬಾಯಿತಾಳವು ನಿನ್ನೆ ಅಮೆರಿಕದಿಂದ ಬಂದಿತೆನ್ನುವವರಿಗೆ ಈ ಯಾಜಕನ ಪರಿಚಯವಿರಬೇಕು.

ನಾದವನ್ನು ಅಕ್ಷರಕ್ಕೆ ತರುವ ವಿದ್ಯೆಯು ನಮ್ಮಲ್ಲಿ ಬೆಳೆದಷ್ಟು ಬೇರೆಲ್ಲಿ ಬೆಳೆಯಿತೋ ಕಾಣೆ. ಕರ್ನಾಟಕ ಸಂಗೀತದಲ್ಲಿ ಸೊಲ್ಲುಕಟ್ಟುಗಳನ್ನು ಕಚೇರಿಯಲ್ಲಿ ಹೇಳುವ ಕಲೆಗೆ ಕೊನ್ನಕ್ಕೋಲ್ ಎಂದು ಹೆಸರು. ಮೂರಕ್ಕೆ ‘ತಕಿಟ’, ನಾಲ್ಕಕ್ಕೆ ‘ತಕಧಿಮಿ’, ಐದಕ್ಕೆ ‘ತದಿಗಿಣತೊಂ’. ಇವನ್ನು ಕೂಡಿಸಿ ಕಳೆದು ಮಡಿಸಿ, ಕೈಯಲ್ಲಿ ಹಾಕುವ ತಾಳದ ಮೇಲೆ ದೊಡ್ಡ ವಿನ್ಯಾಸಗಳನ್ನು ನಿಲ್ಲಿಸುತ್ತಾರೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಚೇರಿಯ ವೇದಿಕೆಯಿಂದ ಬಹುಮಟ್ಟಿಗೆ ಮರೆಯಾಗಿದ್ದ ಈ ಕಲೆಯನ್ನು ಮತ್ತೆ ಕೇಳುವಂತೆ ಮಾಡಿದವರಲ್ಲಿ ಬೆಂಗಳೂರಿನವರಿದ್ದಾರೆ: ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅವರೊಡನೆ ಹಾಡಿದ ಆರ್.ಎ. ರಮಾಮಣಿ, ಈಚೆಗೆ ಬಿ.ಆರ್. ಸೋಮಶೇಖರ ಜೋಯಿಸರು. ನಮ್ಮ ಉತ್ತರದ ಸೀಮೆಯಲ್ಲಿ ಬಳಕೆಯಲ್ಲಿರುವುದು ತಬಲಾದ ಬೋಲ್. ಬಲಗೈಯ ‘ನಾ’ ಮತ್ತು ಎಡಗೈಯ ‘ಗೆ’ ಒಟ್ಟಿಗೆ ಬಿದ್ದರೆ ‘ಧಾ’. ಶಿಷ್ಯನು ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕೈಗೆ ತರಬೇಕು. ಬಾಯಿಗೆ ಬಾರದ್ದು ಕೈಗೆ ಬಾರದೆಂಬುದು ಗುರುಗಳ ಮಾತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದ್ದು ಹೀಗೆ ಕಿವಿಯಿಂದ ಬಾಯಿಗೆ, ಬಾಯಿಂದ ಕೈಗೆ ಸಾಗುವ ವಿದ್ಯೆಯಿಂದ.

ಕುತೂಹಲದ ಸಂಗತಿಯೆಂದರೆ, ಬೆಳಗಾವಿಗೆ ಟೇಲರರನ್ನು ಕಳುಹಿಸಿದ ಪರಂಪರೆಯೂ ಇದೇ ಉಪಾಯವನ್ನು ಕಂಡುಕೊಂಡಿತ್ತು. ಇಂಗ್ಲೆಂಡಿನ ಕಾಂಗ್ರಿಗೇಶನಲ್ ಬೋಧಕ ಜಾನ್ ಕರ್ವೆನ್ನರಿಗೆ 1841ರಲ್ಲಿ ಹಲ್ ನಗರದ ಸಂಡೆಸ್ಕೂಲ್ ಶಿಕ್ಷಕರ ಸಮ್ಮೇಳನವು ಬಡಮಕ್ಕಳಿಗೆ ಹಾಡು ಕಲಿಸುವ ಸರಳ ಮಾರ್ಗವನ್ನು ಹುಡುಕಲು ಹೇಳಿತು. ಸಾರಾ ಗ್ಲೋವರ್ ಎಂಬ ಶಿಕ್ಷಕಿಯ ಕ್ರಮವನ್ನು ಆಧರಿಸಿ ಅವರು ಟಾನಿಕ್ ಸೋಲ್‌ಫಾವನ್ನು ರೂಪಿಸಿದರು. ಅದರಲ್ಲಿ ತಾಳವನ್ನು ಕಲಿಸಲು ಫ್ರಾನ್ಸಿನ ಎಮೆ ಪಾರಿಯಿಂದ ಪಡೆದ ಬಾಯಕ್ಷರಗಳಿದ್ದವು: ಒಂದು ಪೆಟ್ಟಿಗೆ ‘ಟಾ’, ಅದರ ಅರ್ಧಗಳಿಗೆ ‘ಟಾ ಟೈ’, ಕಾಲುಗಳಿಗೆ ‘ಟಫಟೆಫೆ’. ನಮ್ಮ ‘ತಕಧಿಮಿ’ಯ ಸೋದರನೇ ಇದು. ಪಿಯಾನೊ ಕೊಳ್ಳಲಾಗದ ಸಭೆಗಳು ನಾಲ್ಕು ಧ್ವನಿಗಳಲ್ಲಿ ಹಾಡಬಲ್ಲವಾದದ್ದು ಈ ಕ್ರಮದಿಂದ. ಮಿಷನೆರಿಗಳು ಅದನ್ನು ಆಫ್ರಿಕ ಮತ್ತು ಏಷ್ಯಗಳಿಗೂ ಒಯ್ದರು. ತಾಳವನ್ನು ಬಾಯಲ್ಲಿ ಎಣಿಸುವ ವಿದ್ಯೆಯಲ್ಲಿ ನುರಿತ ನಾಡಿಗೆ, ತಾಳವನ್ನು ಬಾಯಲ್ಲಿ ಎಣಿಸುವ ಇನ್ನೊಂದು ವಿದ್ಯೆಯನ್ನು ಪುಸ್ತಕದಲ್ಲಿ ತಂದಂತಾಯಿತು!

ಇನ್ನು ಹಲಗೆಯ ಮಾತು. ಅದನ್ನು ಬಿಟ್ಟು ಈ ಲೇಖನ ಮುಗಿಸಿದರೆ ಅಪ್ರಾಮಾಣಿಕವಾಗುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಸುವಾರ್ತೆಯನ್ನು ಸ್ವೀಕರಿಸಿದವರಲ್ಲಿ ಬಹುಮಂದಿ ಊರ ಹೊರಗಣ ಕೇರಿಗಳವರು. ಹಲಗೆ ಬಾರಿಸುವುದು, ಡಂಗುರ ಸಾರುವುದು, ಜಾತ್ರೆಯಲ್ಲೂ ಹೆಣದ ಮುಂದೆಯೂ ನುಡಿಸುವುದು ಅವರ ಮೇಲೆ ಹೇರಿದ ಬಿಟ್ಟಿಯ ದುಡಿಮೆಯಾಗಿತ್ತು. ಆದುದರಿಂದ ಹಲಗೆಯನ್ನು ಕೆಳಗಿಟ್ಟದ್ದು ಮಿಷನೆರಿಯ ಅಪ್ಪಣೆಗೆ ತಲೆಬಾಗಿ ಮಾತ್ರವಲ್ಲ. ಬಿಟ್ಟಿಯನ್ನು ನಿರಾಕರಿಸುವ ಮಾರ್ಗವಾಗಿಯೂ ಹೌದು. ಎಲ್ಲಮ್ಮನ ಗುಡ್ಡದ ಚೌಡಿಕೆಯ ವಿಷಯವೂ ಹಾಗೆಯೇ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಮಗಳನ್ನು ಆ ಪದ್ಧತಿಯಿಂದ ಬಿಡಿಸಿಕೊಂಡ ತಾಯಿಗೆ ಆಲಯದಲ್ಲಿ ಚೌಡಿಕೆಯ ನಾದ ಹೇಗೆ ಕೇಳೀತು? ವಾದ್ಯಗಳಿಗೆ ನೆನಪಿದೆಯೆಂದು ಕ್ಲೆಮೆಂಟನು ತಿಳಿದದ್ದು ತಪ್ಪಲ್ಲ. ಆದರೆ ಆ ನೆನಪು ಬದಲಾಗಬಲ್ಲದೆಂಬುದಕ್ಕೆ ಸಭೆಯ ಚರಿತ್ರೆಯೇ ಸಾಕ್ಷಿ. ಇಂದು ಪವಿತ್ರವೆನಿಸಿದ ಆರ್ಗನ್ ರೋಮನರ ಕ್ರೀಡಾಂಗಣದಲ್ಲಿ ನುಡಿದ ವಾದ್ಯ. 757ರಲ್ಲಿ ಬಿಜಾಂಟಿಯದ ಚಕ್ರವರ್ತಿಯ ಉಡುಗೊರೆಯಾಗಿ ಅದು ಫ್ರಾಂಕರ ಅರಸ ಪಿಪಿನನ ಆಸ್ಥಾನಕ್ಕೆ ಬಂದಿತು. ಆಲಯದೊಳಗೆ ಬಂದದ್ದು ಆಮೇಲೆ. ನಮ್ಮ ಸತ್ಯವೇದದ ಅನುವಾದಕರು ಮಿರ್ಯಾಮಳ ಕೈಗೆ ಕೊಟ್ಟದ್ದು ದಮ್ಮಡಿಯನ್ನು, ತತ್ವಪದದವರ ಅದೇ ದಮ್ಮಡಿಯನ್ನು. ಆ ಪದವನ್ನು ಓದುವಾಗ ಯಾರೂ ಬೆಚ್ಚಲಿಲ್ಲ.

ಡೋಲನ್ನು ಕಸಿದುಕೊಂಡಾಗ ದೇಹವು ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಚರಿತ್ರೆಯಲ್ಲಿ ಕಠೋರವಾದ ಉದಾಹರಣೆಯಿದೆ. 1739ರ ಸ್ಟೋನೊ ದಂಗೆಯ ನಂತರ ದಕ್ಷಿಣ ಕ್ಯಾರೊಲೈನದ 1740ರ ಕಾನೂನು ಗುಲಾಮರಿಗೆ ಡೋಲು, ಕೊಂಬುಗಳನ್ನು ನಿಷೇಧಿಸಿತು. ತಾಳವು ಅಂಗೈಗೆ, ತೊಡೆಗೆ, ಹಿಮ್ಮಡಿಗೆ, ಬಾಯಿಗೆ ಹೋಯಿತು. ಅಲ್ಲಿಂದ ಗುಪ್ತ ಪ್ರಾರ್ಥನಾಕೂಟಗಳ ಹಾಡಿಗೆ ಬಂತು. ಆ ಹಾಡುಗಳನ್ನು ಫಿಸ್ಕ್ ಜೂಬಿಲಿ ಗಾಯಕರು 1871ರಿಂದ ಜಗತ್ತಿಗೆ ಕೇಳಿಸಿದರು. 1980ರಲ್ಲಿ ಅಲಬಾಮದ ಓಕ್‌ವುಡ್ ಎಂಬ ಕ್ರೈಸ್ತ ಕಾಲೇಜಿನಲ್ಲಿ ಹುಟ್ಟಿದ ‘ಟೇಕ್ 6’ ತಂಡವು ಕಂಠಗಳಿಂದಲೇ ಇಡೀ ವಾದ್ಯವೃಂದವನ್ನು ಕೇಳಿಸಿತು. ನಮ್ಮ ಯುವಜನರು ಮೊಬೈಲಿನಲ್ಲಿ ಕೇಳಿ ಅನುಕರಿಸುವ ಶೈಲಿಯ ಹಿಂದೆ ಈ ಕಾನೂನಿನ ನೆರಳಿದೆ. ಅವರಿಗೆ ಯಾರಾದರೂ ಅದನ್ನು ಹೇಳಬೇಕು.

ಪೌಲನ ಆಕ್ಷೇಪವನ್ನು ಮಾತ್ರ ಗಂಭೀರವಾಗಿ ಎದುರಿಸಬೇಕು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ ಅವನು ಆತ್ಮದಿಂದಲೂ ಬುದ್ಧಿಯಿಂದಲೂ ಹಾಡುವೆನೆನ್ನುತ್ತಾನೆ. ಅರ್ಥವಾಗದ ಧ್ವನಿಯಿಂದ ಸಭೆಗೆ ಭಕ್ತಿವೃದ್ಧಿಯಿಲ್ಲವೆನ್ನುತ್ತಾನೆ. ಹಾಗಾದರೆ ಅರ್ಥವಿಲ್ಲದ ಸೊಲ್ಲಿಗೆ ಆರಾಧನೆಯಲ್ಲಿ ಸ್ಥಳವುಂಟೆ? ಏಳನೆಯ ವಚನವನ್ನು ನಿಧಾನವಾಗಿ ಓದಬೇಕು. ಅಲ್ಲಿ ಕೊಳಲು ಕಿನ್ನರಿಗಳಿಂದ ಅವನು ಕೇಳುವುದು ನಿಘಂಟಿನ ಅರ್ಥವನ್ನಲ್ಲ, ‘ದಿಯಸ್ತೊಲೆ’ಯನ್ನು, ಅಂದರೆ ಸ್ವರಸ್ವರಕ್ಕೆ ಇರಬೇಕಾದ ಸ್ಪಷ್ಟ ಭೇದವನ್ನು. ‘ತ’ ಎಲ್ಲಿ ಮುಗಿಯಿತು, ‘ಕ’ ಎಲ್ಲಿ ಆರಂಭವಾಯಿತು ಎಂದು ನಾಲಿಗೆಯ ತುದಿಯಲ್ಲಿ ಭೇದ ಮಾಡುವ ಸೊಲ್ಲುಕಟ್ಟು ಆ ಪರೀಕ್ಷೆಯಲ್ಲಿ ಸೋಲುವುದಿಲ್ಲ. ಸೋಲುವುದು ಅದಲ್ಲ, ಹಾಡಿನ ಮಾತನ್ನೇ ಮುಳುಗಿಸುವ ಪ್ರದರ್ಶನ. ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗೆ ಕೊಟ್ಟ ಸೂಚನೆಗಳಲ್ಲಿ ಎಲ್ಲರೂ ಹಾಡಬೇಕು, ತಾಳ ತಪ್ಪಬಾರದು, ಮುಂದೆ ಓಡಬಾರದು, ಹಿಂದೆ ಎಳೆಯಬಾರದು, ಒಬ್ಬನ ಧ್ವನಿ ಸಭೆಯ ಧ್ವನಿಯನ್ನು ಮೀರಬಾರದು ಎಂಬ ಅಂಶಗಳಿವೆ. ಬೈಲಹೊಂಗಲ ಸೀಮೆಯ ಮೆಥೊಡಿಸ್ಟ್ ಸಭೆಗಳಿಗೆ ಇದಕ್ಕಿಂತ ಹತ್ತಿರದ ಅಳತೆಗೋಲು ಬೇಡ.

ನನ್ನನ್ನು ಕಾಡುವುದು ಬೇರೊಂದು. ಅಮೆರಿಕದ ರೀತಿಯ ಬಾಯಿಡ್ರಮ್ಮನ್ನು ನಮ್ಮ ಆಲಯಗಳು ಸ್ವಲ್ಪ ಗೊಣಗಿ ಒಪ್ಪಿಕೊಳ್ಳುತ್ತಿವೆ. ಹಲಗೆ ಇನ್ನೂ ಬಹುಮಟ್ಟಿಗೆ ಬಾಗಿಲ ಹೊರಗಿದೆ. ಬಾಯಿಗೆ ಚರ್ಮವಿಲ್ಲ, ಕೇರಿಯ ಗುರುತಿಲ್ಲ, ಮೈಲಿಗೆಯ ಮಾತಿಲ್ಲ. ತಾಳವನ್ನು ಬಾರಿಸಿದ ಕೈಗಳನ್ನು ನೆನಪಿಸದೆ ತಾಳವನ್ನು ಮಾತ್ರ ಪಡೆಯುವ ಸುಲಭ ಮಾರ್ಗ ಅದು. ಮದುರೆಯ ತಮಿಳುನಾಡು ಥಿಯಾಲಾಜಿಕಲ್ ಸೆಮಿನರಿಯಲ್ಲಿ ಥಿಯೋಫಿಲಸ್ ಅಪ್ಪಾವು ಹಳ್ಳಿಯ ಹಾಡಿನ ರೀತಿಗಳನ್ನೇ ಆರಾಧನೆಗೆ ತಂದರು. 1998ರ ಗ್ರಂಥದಲ್ಲಿ ಸತ್ಯನಾಥನ್ ಕ್ಲಾರ್ಕ್ ದಲಿತರ ಡೋಲನ್ನು ಕ್ರಿಸ್ತವಿಚಾರದ ಸಂಕೇತವಾಗಿಯೇ ಓದಿದರು. ಕನ್ನಡದಲ್ಲಿ ಆ ಚರ್ಚೆ ಇನ್ನೂ ದಪ್ಪ ಪುಸ್ತಕವಾಗಿಲ್ಲ. ಆಗಬೇಕಾದರೆ ಅದರ ಮೊದಲ ಆಕರ ಗ್ರಂಥಾಲಯದಲ್ಲಿಲ್ಲ. ಒಕ್ಕಣೆಯ ಯಂತ್ರಗಳು ಬಂದ ಮೇಲೆ ಕಣ ಹೋಯಿತು, ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಹಂತಿಯ ಹಿಂದೆ ನಡೆದು ಹಾಡಿದವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಅವರಲ್ಲಿ ಕೆಲವರು ಪ್ರತಿ ಭಾನುವಾರ ನಮ್ಮ ಹಿಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಹಳ್ಳಿಯ ಸಭೆಗಳಿಗೆ ಹೋಗುವ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಅವರ ಬಳಿ ಕುಳಿತು, ಮಾತನ್ನಷ್ಟೇ ಅಲ್ಲದೆ ಮಾತಿನ ನಡುವಣ ಕೂಗು, ಎಳೆತ, ಎತ್ತಿಗೆ ಹಾಕಿದ ಸದ್ದನ್ನೂ ಮೊಬೈಲಿನಲ್ಲಿ ಹಿಡಿದು ತರಬಹುದು.